ಕಥೆ ಹೇಳುವವರ ಋಣ



ಕಥೆಯನ್ನು ಕೇಳಿ ಮುಗಿಸಿದೊಡನೆ ಮಕ್ಕಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ಸರ್, ಇದು ನಿಜವಾಗಿ ನಡೆದದ್ದೇ?" ದೊಡ್ಡವರು ಈ ಪ್ರಶ್ನೆಯನ್ನು ಕೇಳುವುದನ್ನು ಬಿಟ್ಟುಬಿಟ್ಟಿರುತ್ತಾರೆ. ಕಥೆಯೆಂದ ಮೇಲೆ ಅದು ಕಟ್ಟಿದ್ದೇ ಆಗಿರಬೇಕೆಂದು ಅವರ ಎಣಿಕೆ. ಮಕ್ಕಳಿಗೆ ಅಷ್ಟರಿಂದ ತೃಪ್ತಿಯಾಗುವುದಿಲ್ಲ. ಅವರ ಈ ಪ್ರಶ್ನೆಗೆ ಸರಿಯಾದ ಉತ್ತರವನ್ನು ಕೊಡುವುದು ಉಪಾಧ್ಯಾಯರಾದ ನಮಗೆ ಎಷ್ಟು ಕಷ್ಟವೆಂಬುದು ಕಳೆದ ಮಳೆಗಾಲದಲ್ಲಿ ನಮ್ಮ ಅನುಭವಕ್ಕೆ ಬಂದಿತು.

ಅಂದು ಮುಂಬಯಿಯ ಮಳೆ ಎಂದಿನಂತೆ ಬಿಡದೆ ಸುರಿಯುತ್ತಿದ್ದಿತು. ರೈಲುಗಳು ತಡವಾಗಿದ್ದುದರಿಂದ ಏಳನೆಯ ತರಗತಿಗೆ ಹದಿಮೂರು ಮಂದಿ ಮಾತ್ರ ಬಂದಿದ್ದರು. ಪಾಠವನ್ನು ಮುಂದುವರಿಸುವಂತಿರಲಿಲ್ಲ. ಆದುದರಿಂದ ಅಮೆರಿಕೆಯ ಮಕ್ಕಳ ಲೇಖಕಿ ಮಾರ್ಗರೀಟ್ ಹೆನ್ರಿಯವರು ಬರೆದ ಒಂದು ತಟ್ಟು ಕುದುರೆಯ ಕಥೆಯನ್ನು ಕನ್ನಡದಲ್ಲಿ ಹೇಳಿದೆವು. 1947ರಲ್ಲಿ ಪ್ರಕಟವಾದ ಆ ಪುಸ್ತಕದ ಹೆಸರು 'ಮಿಸ್ಟಿ ಆಫ್ ಶಿಂಕೊಟೀಗ್'. ಮಿಸ್ಟಿ ಎಂದರೆ ಮಂಜಿನಂಥವಳು ಎಂದರ್ಥ.

ಆ ದಿನ ಶಾಲೆಗೆ ಬಾರದವರಿಗಾಗಿ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇವೆ. ಅಮೆರಿಕೆಯ ಪೂರ್ವ ತೀರದಲ್ಲಿ, ವರ್ಜೀನಿಯಾ ರಾಜ್ಯಕ್ಕೆ ಸೇರಿದ ಶಿಂಕೊಟೀಗ್ ಎಂಬ ಪುಟ್ಟ ದ್ವೀಪವಿದೆ. ಅದರ ಪಕ್ಕದಲ್ಲಿ ಅಸಟೀಗ್ ಎಂಬ ಇನ್ನೊಂದು ನೀಳವಾದ ದ್ವೀಪವಿದ್ದು, ಅಲ್ಲಿ ಕುಳ್ಳಾದ ಕಾಡು ಕುದುರೆಗಳು ಹಿಂಡು ಹಿಂಡಾಗಿ ಉಪ್ಪುನೀರಿನ ಜೌಗುಹುಲ್ಲನ್ನು ಮೇಯುತ್ತ ಬದುಕುತ್ತವೆ. ವರ್ಷಕ್ಕೊಮ್ಮೆ, ಜುಲೈ ತಿಂಗಳ ಕೊನೆಯಲ್ಲಿ, ಈ ಕುದುರೆಗಳನ್ನು ಒಟ್ಟುಗೂಡಿಸಿ ನಡುವಣ ಕಾಲುವೆಯನ್ನು ಈಜಿಸಿ ಶಿಂಕೊಟೀಗಿಗೆ ತರುತ್ತಾರೆ. ಸಮುದ್ರದ ಮಗ್ಗುಲಲ್ಲಿಯೇ ಬೆಳೆದ ನಿಮಗೆ ಭರತ ಇಳಿತಗಳನ್ನು ನಾವು ವಿವರಿಸಬೇಕಾಗಿಲ್ಲ. ಭರತವೂ ಅಲ್ಲದ, ಇಳಿತವೂ ಅಲ್ಲದ, ನೀರು ಅಲುಗದೆ ನಿಂತಿರುವ ಸ್ವಲ್ಪ ಹೊತ್ತಿನಲ್ಲಿ ಕುದುರೆಗಳನ್ನು ನೀರಿಗೆ ಇಳಿಸುತ್ತಾರೆ. ಮಾರನೆಯ ದಿನ ಮರಿಗಳ ಹರಾಜು ನಡೆಯುತ್ತದೆ. ಆ ಹಣ ಊರಿನ ಬೆಂಕಿ ಆರಿಸುವ ಸ್ವಯಂಸೇವಕರ ಸಂಘಕ್ಕೆ ಸಲ್ಲುತ್ತದೆ. 1920ರ ದಶಕದಲ್ಲಿ ಊರಿಗೆ ದೊಡ್ಡ ಬೆಂಕಿ ಬಿದ್ದು, ಅದನ್ನು ಆರಿಸಲು ತಕ್ಕ ಸಲಕರಣೆಯಿಲ್ಲದೆ ಹೋದುದರಿಂದ ಸಂಘವು ಈ ಏರ್ಪಾಡನ್ನು ಮಾಡಿಕೊಂಡಿತು. ದ್ವೀಪದ ಹುಲ್ಲು ಇಂತಿಷ್ಟೇ ಕುದುರೆಗಳಿಗೆ ಸಾಕಾಗುವುದರಿಂದ ಹಿಂಡು ಮಿತಿಮೀರಿ ಬೆಳೆಯದಿರಲಿ ಎಂಬುದೂ ಇದರ ಉದ್ದೇಶ.

ಪಾಲ್ ಮತ್ತು ಮಾರೀನ್ ಎಂಬ ಅಣ್ಣತಂಗಿಯರು ಶಿಂಕೊಟೀಗಿನಲ್ಲಿ ಅಜ್ಜ ಅಜ್ಜಿಯರ ಜೊತೆ ಇರುವರು. ಯಾರ ಕೈಗೂ ಸಿಕ್ಕದ ಫ್ಯಾಂಟಮ್ ಎಂಬ ಹೆಣ್ಣು ಕುದುರೆಯನ್ನು ಕೊಳ್ಳಬೇಕೆಂದು ಅವರಿಬ್ಬರೂ ದುಡಿದು ನೂರು ಡಾಲರು ಕೂಡಿಡುತ್ತಾರೆ. ಆ ವರ್ಷ ಹಿಂಡನ್ನು ಅಟ್ಟುವವರ ಜೊತೆ ಹೋದ ಪಾಲನಿಗೆ ಫ್ಯಾಂಟಮ್ ಸಿಕ್ಕುತ್ತಾಳೆ. ಅವಳು ಓಡಲಾರದೆ ಹೋದುದಕ್ಕೆ ಕಾರಣ ಜೊತೆಯಲ್ಲಿದ್ದ ಎಳೆಯ ಮರಿ. ಕಾಲುವೆಯನ್ನು ಈಜುವಾಗ ಮರಿ ಮುಳುಗಲಿದ್ದಿತು. ಪಾಲ್ ನೀರಿಗೆ ಹಾರಿ ಅದರ ತಲೆಯನ್ನು ನೀರಿನ ಮೇಲೆ ಎತ್ತಿ ಹಿಡಿಯುತ್ತಾನೆ. ಆ ಮರಿಯೇ ಮಿಸ್ಟಿ. ಮುಂದೆ ತಾಯಿ ಮರಿ ಎರಡೂ ಮಕ್ಕಳ ಪಾಲಿಗೆ ಬರುತ್ತವೆ. ಆದರೆ ಫ್ಯಾಂಟಮ್ಮಿನ ಕಣ್ಣು ಸದಾ ಆಚೆಯ ದ್ವೀಪದ ಕಡೆಗೆ. ಕೊನೆಗೆ ಪಾಲ್ ಅವಳ ಹಗ್ಗವನ್ನು ತಾನೇ ಬಿಚ್ಚಿ ಬಿಟ್ಟುಬಿಡುತ್ತಾನೆ. ಅವಳು ಈಜಿ ತನ್ನವರನ್ನು ಸೇರುತ್ತಾಳೆ. ಮರಿ ಮಕ್ಕಳೊಡನೆ ಉಳಿಯುತ್ತದೆ.

ಕಥೆ ಮುಗಿಯಿತು. ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದೇ ಬಂದಿತು: "ಸರ್, ಇದು ನಡೆದದ್ದೇ?"

ನಾವು ನಮಗೆ ತಿಳಿದುದನ್ನು ಮರೆಮಾಚದೆ ಹೇಳಿದೆವು. ಮಿಸ್ಟಿ ಎಂಬ ಕುದುರೆ ಇದ್ದುದು ನಿಜ. ಪಾಲ್, ಮಾರೀನ್, ಅವರ ಅಜ್ಜ ಕ್ಲಾರೆನ್ಸ್ ಬೀಬಿ ಇದ್ದುದೂ ನಿಜ. ಆದರೆ ನಿಜವಾದ ಮಿಸ್ಟಿ ಕಾಡಿನಲ್ಲಿ ಹುಟ್ಟಲಿಲ್ಲ. 1946ರಲ್ಲಿ ಬೀಬಿಯವರ ಲಾಯದಲ್ಲಿ ಹುಟ್ಟಿತು. ಅದು ಕಾಲುವೆಯನ್ನು ಈಜಿ ಬರಲಿಲ್ಲ. ಮಕ್ಕಳು ಅದನ್ನು ನೂರು ಡಾಲರಿಗೆ ಕೊಳ್ಳಲಿಲ್ಲ. ಆ ವರ್ಷ ಕುದುರೆಗಳ ಈಜನ್ನು ನೋಡಲು ಇಲಿನಾಯ್ ರಾಜ್ಯದಿಂದ ಬಂದಿದ್ದ ಲೇಖಕಿಯೇ ಅದನ್ನು ಕಂಡು ಮೆಚ್ಚಿ, ನೂರೈವತ್ತು ಡಾಲರು ಕೊಟ್ಟು ಕೊಂಡು ತಮ್ಮ ಊರಾದ ವೇಯ್ನಿಗೆ ತರಿಸಿಕೊಂಡರು.

ತರಗತಿಯಲ್ಲಿ ಒಂದು ಕ್ಷಣ ಮೌನವಿದ್ದಿತು. ಬಳಿಕ ಒಬ್ಬ ಹುಡುಗಿ ಎದ್ದು ನಿಂತು, "ಹಾಗಾದರೆ ಆ ಲೇಖಕಿ ನಮಗೆ ಮೋಸ ಮಾಡಿದರು. ಮರಿಯನ್ನು ತಾವೇ ತೆಗೆದುಕೊಂಡು ಹೋಗಿ, ಮಕ್ಕಳ ಹತ್ತಿರವೇ ಉಳಿಯಿತೆಂದು ಬರೆದರು" ಎಂದಳು. ಅವಳ ದನಿಯಲ್ಲಿ ನಿಜವಾದ ನೋವಿದ್ದಿತು. ಆ ಹೊತ್ತಿಗೆ ಸರಿಯಾಗಿ ಗಂಟೆ ಹೊಡೆಯಿತು. ಅಂದು ಕೊಡಲಾಗದ ಉತ್ತರವನ್ನು ಈ ವಾರ್ಷಿಕ ಸಂಚಿಕೆಯ ಮೂಲಕ ಕೊಡಬೇಕೆಂದಿದ್ದೇವೆ.

ಮೊದಲು ಲೇಖಕಿಯ ವಿಷಯವನ್ನು ತಿಳಿಯೋಣ. ಮಾರ್ಗರೀಟ್ ಹೆನ್ರಿಯವರು 1902ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕೀ ನಗರದಲ್ಲಿ ಹುಟ್ಟಿದರು. ಐವರು ಮಕ್ಕಳಲ್ಲಿ ಕೊನೆಯವರು. ತಂದೆ ಅಚ್ಚುಕೂಟದ ವ್ಯವಹಾರದವರು. ಆರನೆಯ ವಯಸ್ಸಿನಲ್ಲಿ ಸಂಧಿಜ್ವರವೆಂಬ ಬೇನೆ ಬಂದು, ಹನ್ನೆರಡನೆಯ ವಯಸ್ಸಿನವರೆಗೆ ಈ ಬಾಲಕಿ ಶಾಲೆಗೆ ಹೋಗುವಂತಿರಲಿಲ್ಲ. ಇತರ ಮಕ್ಕಳೊಡನೆ ಕೂಡಿ ಆಡುವಂತೆಯೂ ಇರಲಿಲ್ಲ. ಹಾಸಿಗೆ ಹಿಡಿದ ಆ ವರ್ಷಗಳಲ್ಲಿ ಓದು ಬರಹಗಳೇ ಸಂಗಾತಿಗಳಾದವು. ಹನ್ನೊಂದನೆಯ ವಯಸ್ಸಿನಲ್ಲಿ ಒಂದು ಪತ್ರಿಕೆಗೆ ಬರಹವೊಂದನ್ನು ಕಳುಹಿಸಿ ಹನ್ನೆರಡು ಡಾಲರು ಸಂಭಾವನೆ ಪಡೆದರು. ಮುಂದೆ 1997ರಲ್ಲಿ, ತಮ್ಮ ತೊಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೆ, ಐವತ್ತಕ್ಕೂ ಹೆಚ್ಚು ಪುಸ್ತಕಗಳನ್ನು ಬರೆದರು. ಅವುಗಳಲ್ಲಿ ಬಹುಪಾಲು ಕುದುರೆ, ತಟ್ಟು, ಕತ್ತೆ ಮುಂತಾದ ಪ್ರಾಣಿಗಳ ಕಥೆಗಳು. 'ಕಿಂಗ್ ಆಫ್ ದಿ ವಿಂಡ್' ಎಂಬ ಕೃತಿಗೆ 1949ರಲ್ಲಿ ಅಮೆರಿಕೆಯ ಮಕ್ಕಳ ಸಾಹಿತ್ಯದ ಶ್ರೇಷ್ಠ ಪಾರಿತೋಷಕವಾದ ನ್ಯೂಬೆರಿ ಪದಕ ದೊರೆಯಿತು.

ಇಂತಹವರು ಮಿಸ್ಟಿಯ ಕಥೆಯಲ್ಲಿ ಮೋಸ ಮಾಡಿದರೇ? ಮಾಡಲಿಲ್ಲವೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಹೇಳುತ್ತೇವೆ. ಒಪ್ಪುವುದೂ ಬಿಡುವುದೂ ನಿಮಗೆ ಸೇರಿದ್ದು.

ಮೊದಲನೆಯದಾಗಿ, ತಾವು ಮಾಡಿದ ಬದಲಾವಣೆಯನ್ನು ಲೇಖಕಿ ಬಚ್ಚಿಡಲಿಲ್ಲ. ಪುಸ್ತಕದ ಆರಂಭದಲ್ಲಿಯೇ, ಈ ಸಂಗತಿಗಳೆಲ್ಲವೂ ದ್ವೀಪದಲ್ಲಿ ಒಂದಲ್ಲ ಒಂದು ಕಾಲದಲ್ಲಿ ನಡೆದವೇ, ಆದರೆ ಇದೇ ಅನುಕ್ರಮದಲ್ಲಿ ನಡೆದವಲ್ಲ ಎಂದು ಓದುಗರಿಗೆ ತಿಳಿಸಿದ್ದಾರೆ. 1976ರಲ್ಲಿ ಮಿಸ್ಟಿಯ ನಿಜವಾದ ಜೀವನವನ್ನು ಚಿತ್ರಗಳೊಡನೆ ಹೇಳುವ ಬೇರೊಂದು ಪುಸ್ತಕವನ್ನೂ ಬರೆದರು. ಸುಳ್ಳು ಹೇಳುವವನು ತನ್ನ ಸುಳ್ಳಿನ ಹೊಲಿಗೆಯನ್ನು ತಾನೇ ಬಿಚ್ಚಿ ತೋರಿಸುವುದುಂಟೇ?

ಎರಡನೆಯದಾಗಿ, ಬದಲಾವಣೆಯಿಂದ ಲಾಭ ಯಾರಿಗಾಯಿತೆಂಬುದನ್ನು ನೋಡಬೇಕು. ಮರಿಯನ್ನು ಕೊಂಡವರು ಲೇಖಕಿ. ಮನಸ್ಸು ಮಾಡಿದ್ದರೆ ತಮ್ಮನ್ನೇ ಕಥಾನಾಯಕಿಯನ್ನಾಗಿ ಮಾಡಿಕೊಳ್ಳಬಹುದಾಗಿದ್ದಿತು. ಆದರೆ ಆಕೆ ತಾವು ಕಥೆಯೊಳಗೆ ಕಾಲಿಡಲೇ ಇಲ್ಲ. ಮರಿಯನ್ನು ಕೊಡಲು ಮೊದಲು ಒಪ್ಪದಿದ್ದ ಅಜ್ಜನಿಗೆ, ನಿಮ್ಮ ಮೊಮ್ಮಕ್ಕಳನ್ನು ಕಥೆಯಲ್ಲಿ ಸೇರಿಸುತ್ತೇನೆಂದು ಆಕೆ ಮಾತು ಕೊಟ್ಟಿದ್ದರು. ಆ ಮಾತಿನಂತೆ ಮಿಸ್ಟಿಯನ್ನು ಕಥೆಯಲ್ಲಿ ಆ ಮಕ್ಕಳಿಗೇ ಬಿಟ್ಟುಕೊಟ್ಟರು. ಪಾಲ್ ತರುಣನಾಗಿದ್ದಾಗಲೇ ತೀರಿಹೋದನು. ಪುಸ್ತಕದಲ್ಲಿ ಮಾತ್ರ ಅವನು ಇಂದಿಗೂ ಮರಿಯ ತಲೆಯನ್ನು ನೀರಿನ ಮೇಲೆ ಹಿಡಿದುಕೊಂಡೇ ಇದ್ದಾನೆ.

ಮೂರನೆಯ ಕಾರಣವೇ ಎಲ್ಲಕ್ಕಿಂತ ಮುಖ್ಯವಾದುದು. ಮರಿಯನ್ನು ಒಯ್ಯುವಾಗ ಲೇಖಕಿ ಇನ್ನೊಂದು ಮಾತನ್ನೂ ಕೊಟ್ಟಿದ್ದರು: ಅದು ಬೆಳೆದು ಮರಿ ಹಾಕುವ ಕಾಲಕ್ಕೆ ದ್ವೀಪಕ್ಕೆ ಮರಳಿ ಕಳುಹಿಸುವುದಾಗಿ. ಮಿಸ್ಟಿ ವೇಯ್ನಿನಲ್ಲಿ ಹತ್ತು ವರ್ಷ ಬೆಳೆಯಿತು. ಪುಸ್ತಕ ಪ್ರಸಿದ್ಧವಾಯಿತು. ಅದನ್ನು ನೋಡಲು ಮಕ್ಕಳು ಬಂದರು. ಲೇಖಕಿ ಅದನ್ನು ಶಾಲೆಗಳಿಗೂ ಗ್ರಂಥಾಲಯಗಳಿಗೂ ಕರೆದೊಯ್ದರು. ಮನೆಯ ಮಗುವಿನಂತಾಗಿದ್ದ, ದೇಶವೇ ಬಲ್ಲ ಕುದುರೆಯನ್ನು ಹಿಂದಕ್ಕೆ ಕಳುಹಿಸಬೇಕೆಂದರೆ ಮನಸ್ಸು ಬರುವುದು ಸುಲಭವೇ? ಆದರೂ 1957ರಲ್ಲಿ ಮಿಸ್ಟಿ ಬೀಬಿಯವರ ಹಟ್ಟಿಗೆ ಮರಳಿತು.

ಹೇಳಿದ ಮಾತಿನಂತೆ ಹುಲಿಯ ಬಳಿಗೆ ಹಿಂದಿರುಗಿದ ಹಸುವಿನ ಕಥೆ ನಿಮಗೆಲ್ಲ ಕಂಠಪಾಠವಾಗಿದೆ. ಪುಣ್ಯಕೋಟಿಯು ನಿಜವಾಗಿ ಇದ್ದಳೇ, ಯಾವ ಊರಿನವಳು, ಯಾವ ಇಸವಿಯಲ್ಲಿ ಎಂದು ನಮ್ಮಲ್ಲಿ ಯಾರೂ ಕೇಳಿದವರಿಲ್ಲ. ಆದರೂ ಅದನ್ನು ಸತ್ಯದ ಕಥೆಯೆಂದೇ ಕರೆಯುತ್ತೇವೆ. ಹಸು ಮಾತನಾಡಿತೆಂಬುದು ಕಟ್ಟಿದ್ದು. ಕೊಟ್ಟ ಮಾತನ್ನು ನಡೆಸಬೇಕೆಂಬುದು ನಿಜವಾದದ್ದು. ಮಿಸ್ಟಿಯ ಕಥೆಯನ್ನು ಅಳೆಯುವುದಾದರೆ ಇದೇ ಕೋಲಿನಿಂದ ಅಳೆಯಬೇಕು.

ಮಿಸ್ಟಿ ಮರಳಿದ ಮೇಲೆ ನಡೆದುದನ್ನು ಕೇಳಿ. 1962ರ ಮಾರ್ಚ್ ತಿಂಗಳಲ್ಲಿ ಆ ತೀರಕ್ಕೆ ಭಾರೀ ಬಿರುಗಾಳಿ ಬಡಿಯಿತು. ಸಮುದ್ರವು ಎರಡು ದ್ವೀಪಗಳ ಮೇಲೂ ಹರಿಯಿತು. ಹಿಂಡಿನ ಬಹಳಷ್ಟು ಕುದುರೆಗಳು ಕೊಚ್ಚಿಹೋದವು. ತುಂಬಿದ ಗಬ್ಬವಾಗಿದ್ದ ಮಿಸ್ಟಿಯನ್ನು ಬೀಬಿ ಮನೆಯವರು ಅಡುಗೆಮನೆಯೊಳಗೆ ತಂದು ನಿಲ್ಲಿಸಿ ಕಾಪಾಡಿದರು. ಕೆಲವೇ ದಿನಗಳಲ್ಲಿ ಅದು ಹೆಣ್ಣುಮರಿ ಹಾಕಿತು. ಬಿರುಗಾಳಿಯ ನೆನಪಿಗಾಗಿ ಮರಿಗೆ ಸ್ಟಾರ್ಮಿ ಎಂದು ಹೆಸರಿಟ್ಟರು. ಅದರ ಹಿಂದಿನ ವರ್ಷ, 1961ರಲ್ಲಿ, ಮಿಸ್ಟಿಯ ಕಥೆ ಚಲಚ್ಚಿತ್ರವಾಗಿ ಬಂದಿದ್ದಿತು. ಈಗ ಆ ಚಿತ್ರವನ್ನು ಮತ್ತೆ ತೋರಿಸಿ, ತಾಯಿ ಮರಿ ಎರಡನ್ನೂ ಊರೂರಿನ ಚಿತ್ರಮಂದಿರಗಳಿಗೆ ಕರೆದೊಯ್ದು ಹಣ ಕೂಡಿಸಿದರು. ಹಿಂದಿನ ವರ್ಷಗಳ ಹರಾಜಿನಲ್ಲಿ ದೂರ ದೂರದ ಊರುಗಳಿಗೆ ಹೋಗಿದ್ದ ಕುದುರೆಗಳನ್ನು ಆ ಹಣದಿಂದ ಮರಳಿ ಕೊಂಡು ತಂದು ಹಿಂಡನ್ನು ಮತ್ತೆ ಕಟ್ಟಿದರು. ಹೆನ್ರಿಯವರು 1963ರಲ್ಲಿ ಈ ಸಂಗತಿಯನ್ನೂ ಪುಸ್ತಕವಾಗಿ ಬರೆದರು. ಮಿಸ್ಟಿ 1972ರಲ್ಲಿ ಸತ್ತಿತು. ಬೀಬಿಯವರ ಹಟ್ಟಿಯಲ್ಲಿ ಉಳಿದಿದ್ದ ನೆಲವು ಮಾರಾಟಕ್ಕೆ ಬಂದಾಗ, ಆ ಊರಿನ ವಸ್ತುಸಂಗ್ರಹಾಲಯವು ಕಥೆಯ ಅಭಿಮಾನಿಗಳಿಂದ ಹಣ ಕೂಡಿಸಿ 2023ರಲ್ಲಿ ಅದನ್ನು ಕೊಂಡು ಉಳಿಸಿತು.

ಲೇಖಕಿ ಆ ದ್ವೀಪದಿಂದ ಒಂದು ಮರಿಯನ್ನು ತೆಗೆದುಕೊಂಡರು, ಒಂದು ಕಥೆಯನ್ನು ತೆಗೆದುಕೊಂಡರು. ಮರಿಯನ್ನು ಹಿಂದಿರುಗಿಸಿದರು. ಕಥೆಯೂ ಹಿಂದಿರುಗಿ ಬಂದು ಆ ಊರಿನ ಕಷ್ಟಕಾಲದಲ್ಲಿ ಕೆಲಸಕ್ಕೆ ಒದಗಿತು. ನಮ್ಮ ಹಿರಿಯರು ಅನ್ನದ ಋಣ, ನೀರಿನ ಋಣ ಎನ್ನುತ್ತಾರೆ. ಕಥೆಗೂ ಒಂದು ಋಣವುಂಟು. ಯಾರ ಬದುಕಿನಿಂದ ಕಥೆಯನ್ನು ತೆಗೆದುಕೊಂಡೆವೋ ಅವರಿಗೆ ನಾವು ಸಾಲಗಾರರು. ಆ ಸಾಲವನ್ನು ನೆನಪಿನಲ್ಲಿಟ್ಟು ಬರೆದವನು ಸಂಗತಿಗಳ ಕ್ರಮವನ್ನು ಬದಲಾಯಿಸಿದರೂ ಸುಳ್ಳುಗಾರನಲ್ಲ. ಅದನ್ನು ಮರೆತವನು ನಡೆದದ್ದನ್ನೇ ಬರೆದರೂ ಪ್ರಾಮಾಣಿಕನಲ್ಲ.

ಇದಕ್ಕೆ ಆಕ್ಷೇಪಣೆಗಳಿಲ್ಲದೆ ಇಲ್ಲ. ಪುಸ್ತಕದಿಂದಾಗಿ ಆ ಚಿಕ್ಕ ದ್ವೀಪಕ್ಕೆ ಪ್ರತಿ ಜುಲೈಯಲ್ಲಿ ಸಾವಿರಾರು ಜನ ನುಗ್ಗುತ್ತಾರೆ. ಈಜು ಒಂದು ದೊಡ್ಡ ಜಾತ್ರೆಯಾಗಿದೆ. ಮರಿಗಳನ್ನು ತಾಯಿಯಿಂದ ಅಗಲಿಸಿ ಮಾರುವುದನ್ನು ಕಥೆ ಸಿಹಿಯಾಗಿಸಿ ತೋರಿಸಿತು ಎನ್ನುವವರಿದ್ದಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಮುಳುಗಿದ ಸ್ಪೇನಿನ ಹಡಗಿನಿಂದ ಈ ಕುದುರೆಗಳ ಪೂರ್ವಜರು ಈಜಿ ಬಂದರೆಂದು ಪುಸ್ತಕ ಹೇಳುತ್ತದೆ. ಹದಿನೇಳನೆಯ ಶತಮಾನದಲ್ಲಿ ನೆಲಸಿಗರು ಬೇಲಿಯ ಕಟ್ಟಳೆಯನ್ನೂ ಕಂದಾಯವನ್ನೂ ತಪ್ಪಿಸಿಕೊಳ್ಳಲು ತಮ್ಮ ದನಕುದುರೆಗಳನ್ನು ಈ ದ್ವೀಪಗಳಲ್ಲಿ ಬಿಟ್ಟಿದ್ದರೆಂಬ ಇನ್ನೊಂದು ವಿವರಣೆಯೂ ಉಂಟು. ಕಥೆಗೆ ಒಪ್ಪುವುದು ಮೊದಲನೆಯದಾದರೂ ಚರಿತ್ರೆಯ ಪರೀಕ್ಷೆಯಲ್ಲಿ ಅದನ್ನೇ ಬರೆದರೆ ನಾವು ಪೂರ್ಣ ಅಂಕ ಕೊಡಲಾರೆವು. ಚರಿತ್ರೆಯ ಕೆಲಸ ಬೇರೆ, ಕಥೆಯ ಕೆಲಸ ಬೇರೆ. ಎರಡನ್ನೂ ಓದಿದವನು ಯಾವುದರಿಂದಲೂ ಮೋಸಹೋಗಲಾರನು.

ಇನ್ನು ನಮ್ಮ ಶಾಲೆಯ ವಿಷಯ. ಈ ಸಂಚಿಕೆಗಾಗಿ ನೀವು ಕೊಡುವ ಬರಹಗಳನ್ನು ಕೆಲವು ವರ್ಷಗಳಿಂದ ನಾವೇ ಓದಿ ಆರಿಸುತ್ತಿದ್ದೇವೆ. ಪ್ರತಿ ವರ್ಷವೂ 'ನಮ್ಮ ಊರು' ಎಂಬ ಹೆಸರಿನ ಹತ್ತಾರು ಪ್ರಬಂಧಗಳು ಬರುತ್ತವೆ. ಎಲ್ಲದರಲ್ಲೂ ಜುಳುಜುಳು ಹರಿಯುವ ಹೊಳೆ, ತೂಗಾಡುವ ತೆಂಗು, ಹಸುರು ಗದ್ದೆ, ಮುಗ್ಧ ಜನ. ಹೊಳೆಯ ಹೆಸರೇನೆಂದು ಕೇಳಿದರೆ ಬರೆದವರಿಗೆ ಗೊತ್ತಿರುವುದಿಲ್ಲ. ಅಲ್ಲಿ ಸುಳ್ಳೆಂದು ಹಿಡಿಯಬಹುದಾದ ಮಾತು ಒಂದೂ ಇಲ್ಲ. ಆದರೆ ಬರೆದವರು ಕಣ್ಣಾರೆ ಕಂಡದ್ದೂ ಒಂದೂ ಇಲ್ಲ. ಇಂತಹ ಪ್ರಬಂಧಗಳನ್ನು ನಾವು ಸಂಕೋಚವಿಲ್ಲದೆ ಅಚ್ಚು ಹಾಕಿಸಿದ್ದೇವೆ.

ಕೆಲವು ವರ್ಷಗಳ ಹಿಂದೆ ಒಬ್ಬ ಬಾಲಕನು ತನ್ನ ತಂದೆಯನ್ನು ಕುರಿತು ಬರೆದು ತಂದಿದ್ದನು. ತಂದೆ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವರು. ಬೆಳಗಿನ ನಾಲ್ಕು ಗಂಟೆಗೆ ಹಿಟ್ಟಿನ ಪಾತ್ರೆಗಳನ್ನು ಇಳಿಸುವುದು, ದೋಸೆಯ ಕಲ್ಲಿನ ಝಳಕ್ಕೆ ಮುಂಗೈಯ ಕೂದಲು ಸುಟ್ಟಿರುವುದು, ರಾತ್ರಿ ಮನೆಗೆ ಬಂದಾಗ ಅಂಗಿಯಲ್ಲಿ ಉಳಿದ ಈರುಳ್ಳಿಯ ವಾಸನೆ, ಮಗನ ಪುಸ್ತಕವನ್ನು ಮುಟ್ಟುವ ಮೊದಲು ಎರಡು ಸಲ ಕೈ ತೊಳೆಯುವುದು, ಇವೆಲ್ಲ ಅದರಲ್ಲಿದ್ದವು. ಕೊನೆಯಲ್ಲಿ, ವಾರ್ಷಿಕೋತ್ಸವದ ದಿನ ಮಗನಿಗೆ ಬಹುಮಾನ ಬಂದಾಗ ತಂದೆ ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತು ಚಪ್ಪಾಳೆ ತಟ್ಟಿದರೆಂದು ಬರೆದಿದ್ದನು.

ಆ ಉತ್ಸವದ ವ್ಯವಸ್ಥೆಯನ್ನು ನೋಡಿಕೊಂಡವರು ನಾವೇ. ತಂದೆಗೆ ಅಂದು ರಜೆ ಸಿಕ್ಕಿರಲಿಲ್ಲ; ಅವರು ಬಂದಿರಲಿಲ್ಲ. ಕೊನೆಯ ವಾಕ್ಯದ ಕೆಳಗೆ ಕೆಂಪು ಶಾಯಿಯಿಂದ ಗೆರೆ ಎಳೆದು, 'ಇದು ನಡೆಯಲಿಲ್ಲ, ಸುಳ್ಳು ಬರೆಯಬಾರದು' ಎಂದು ಬರೆದು ಹಿಂದಿರುಗಿಸಿದೆವು. ಬಾಲಕನು ಮಾತನಾಡದೆ ಹಾಳೆಯನ್ನು ಮಡಿಸಿಕೊಂಡು ಹೋದನು. ಬಳಿಕ ಅವನು ನಮ್ಮ ಬಳಿಗೆ ಯಾವ ಬರಹವನ್ನೂ ತರಲಿಲ್ಲ. ಈಗ ಅವನು ಶಾಲೆಯನ್ನು ಮುಗಿಸಿ ಹೋಗಿದ್ದಾನೆ.

ಮಿಸ್ಟಿಯ ಕಥೆಯನ್ನು ಹೇಳಿದ ಆ ಮಳೆಯ ದಿನ, ಹುಡುಗಿಯ ಪ್ರಶ್ನೆಗೆ ಉತ್ತರ ಹುಡುಕುವಾಗ, ನಮಗೆ ಆ ಹಾಳೆಯ ನೆನಪಾಯಿತು. ಕಥೆಯಲ್ಲಿ ಲೇಖಕಿ ಮರಿಯನ್ನು ಮಕ್ಕಳಿಗೆ ಬಿಟ್ಟುಕೊಟ್ಟಂತೆಯೇ ಆ ಬಾಲಕನು ತನ್ನ ತಂದೆಗೆ ಮುಂದಿನ ಸಾಲಿನ ಕುರ್ಚಿಯೊಂದನ್ನು ಕೊಟ್ಟಿದ್ದನು. ತಂದೆಯಿಂದ ಪಡೆದುದಕ್ಕೆ ಪ್ರತಿಯಾಗಿ ಹದಿಮೂರು ವರ್ಷದ ಹುಡುಗನ ಕೈಯಲ್ಲಿ ಕೊಡಲು ಇದ್ದುದು ಅದೊಂದೇ. ನಾವು ಅವನಿಗೆ ಹೇಳಬೇಕಾಗಿದ್ದುದು ಇಷ್ಟೇ: 'ಇದನ್ನು ಕಥೆಯೆಂದು ಕರೆ; ತಂದೆ ಬರಬೇಕೆಂದು ಎಷ್ಟು ಆಸೆಯಿತ್ತೆಂಬುದನ್ನೂ ಬರೆ.' ಹಾಗೆ ಹೇಳುವ ತಾಳ್ಮೆ ಅಂದು ನಮ್ಮಲ್ಲಿರಲಿಲ್ಲ. ಪರರ ಹೊಳೆ, ಪರರ ತೆಂಗುಗಳಿಗೆ ಪುಟಗಳನ್ನು ಕೊಟ್ಟೆವು. ಈ ನಗರದಲ್ಲಿ ಕನ್ನಡದ ಮಗುವೊಂದು ತನ್ನ ಮನೆಯನ್ನು ಕಣ್ಣಾರೆ ಕಂಡು ಬರೆದುದನ್ನು ಹಿಂದಕ್ಕೆ ಕಳುಹಿಸಿದೆವು. ಕನ್ನಡ ತರಗತಿಗಳಲ್ಲಿ ವರ್ಷ ವರ್ಷವೂ ಬೆಂಚುಗಳು ಬರಿದಾಗುತ್ತಿರುವ ಈ ಕಾಲದಲ್ಲಿ ಅಂತಹ ಒಂದು ಬರಹವನ್ನು ಕಳೆದುಕೊಳ್ಳುವುದು ಸಣ್ಣ ನಷ್ಟವಲ್ಲ.

ಆದುದರಿಂದ, ವಿದ್ಯಾರ್ಥಿ ಮಿತ್ರರೇ, ಮುಂದಿನ ಸಂಚಿಕೆಗೆ ಬರೆಯುವಾಗ ಮೂರು ಮಾತುಗಳನ್ನು ನೆನಪಿನಲ್ಲಿಡಿರಿ. ನೀವೇ ಕಂಡದ್ದನ್ನು, ಮುಟ್ಟಿದ್ದನ್ನು, ಮೂಸಿದ್ದನ್ನು ಬರೆಯಿರಿ. ಅದು ಊರಿನ ಕಣವಾಗಲಿ, ಇಲ್ಲಿಯ ಚಾಳಿನ ಮೆಟ್ಟಿಲಾಗಲಿ. ಕಥೆಗಾಗಿ ಏನನ್ನಾದರೂ ಬದಲಾಯಿಸಿದರೆ ಬದಲಾಯಿಸಿದ್ದೇನೆಂದು ಹೇಳಲು ಅಂಜಬೇಡಿರಿ. ಯಾರನ್ನು ಕುರಿತು ಬರೆದಿರೋ ಅವರಿಗೆ ಮೊದಲು ಓದಿ ಹೇಳಿರಿ. ಅವರು ತಲೆ ತಗ್ಗಿಸದೆ ಕೇಳುವಂತಿದ್ದರೆ ನಿಮ್ಮ ಋಣ ಸಂದಿತೆಂದು ತಿಳಿಯಿರಿ.

ಈ ಸಂಚಿಕೆಯು ಹಳೆಯ ವಿದ್ಯಾರ್ಥಿಗಳ ಕೈಗೂ ಹೋಗುತ್ತದೆ. ಆ ಬಾಲಕನು ಇದನ್ನು ಓದುವುದಾದರೆ, ಹಾಳೆಯನ್ನು ಇನ್ನೂ ಇಟ್ಟುಕೊಂಡಿರುವುದಾದರೆ, ನಮಗೆ ತಂದುಕೊಡಬೇಕೆಂದು ಕೇಳಿಕೊಳ್ಳುತ್ತೇವೆ. ಕೆಂಪು ಶಾಯಿಯ ಗೆರೆ ನಮ್ಮದು. ಅದನ್ನು ನಾವೇ ಹೊಡೆದುಹಾಕಿ ಬರಹವನ್ನು ಮುಂದಿನ ವರ್ಷದ ಸಂಚಿಕೆಯ ಮೊದಲ ಪುಟದಲ್ಲಿ ಅಚ್ಚು ಹಾಕಿಸುತ್ತೇವೆ. ವಾರ್ಷಿಕೋತ್ಸವದ ದಿನ ಮುಂದಿನ ಸಾಲಿನಲ್ಲಿ ಅವನ ತಂದೆಗಾಗಿ ಒಂದು ಕುರ್ಚಿಯನ್ನೂ ಇಡಿಸುತ್ತೇವೆ.